ತುರ್ತು ಅಪ್‌ಡೇಟ್ ಸೂಚನೆ ಬಳಕೆದಾರರಿಗೆ ನಿಜವಾಗಿ ತಲುಪುತ್ತಿದೆಯಾ? ನಿಮ್ಮ ಅನುಭವ ಹೇಳಿ

ತುಂಗಾತೀರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ.

ತುಂಬಾ ದಿನದಿಂದ ಮನಸ್ಸಿನಲ್ಲಿದ್ದ ವಿಷಯ ಇದು. ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಬಿಲ್ಲು, ಸ್ಟಾಕು, ಗಿರಾಕಿಗಳ ಬಾಕಿ ಎಲ್ಲವೂ ಒಂದೇ ಲಿನಕ್ಸ್ ಸರ್ವರ್‌ನಲ್ಲಿತ್ತು. ಒಂದು ಶನಿವಾರ ಸಂಜೆ ಅಪ್‌ಡೇಟ್ ಕೊಟ್ಟೆವು. ಒಂದು ಎರರ್ ಕೂಡ ಬರಲಿಲ್ಲ, ನೆಮ್ಮದಿಯಿಂದ ಮನೆಗೆ ಹೋದೆವು. ಸೋಮವಾರ ಬೆಳಗ್ಗೆ ಡೇಟಾಬೇಸ್ ಏಳಲೇ ಇಲ್ಲ. ಹೊಸ ಆವೃತ್ತಿಗೆ ಹಳೆಯ ಫೈಲುಗಳನ್ನು ಓದಲು ಬರುತ್ತಿರಲಿಲ್ಲ. ಹಳೆಯ ಆವೃತ್ತಿ ಇರುವಾಗಲೇ ಡೇಟಾ ಹೊರಗೆ ತೆಗೆದಿಟ್ಟುಕೊಳ್ಳಬೇಕಿತ್ತು. ಇದನ್ನು ಮೊದಲೇ, ಬಹಳ ಸ್ಪಷ್ಟವಾಗಿ, ಒಂದು ಮೇಲಿಂಗ್ ಲಿಸ್ಟ್‌ನಲ್ಲಿ ಬರೆದಿದ್ದರು. ಆ ಲಿಸ್ಟ್‌ಗೆ ನಮ್ಮ ಆಫೀಸಿನಲ್ಲಿ ಯಾರೂ ಸೇರಿರಲಿಲ್ಲ. ಎರಡು ದಿನ ಕೌಂಟರ್‌ನಲ್ಲಿದ್ದ ಹುಡುಗ ಕೈಯಲ್ಲೇ ಬಿಲ್ ಬರೆದ.

ಎಚ್ಚರಿಕೆ ಬರೆದವರು ತಮ್ಮ ಕೆಲಸ ಮಾಡಿದ್ದರು. ಅದು ನಮ್ಮವರೆಗೆ ಬರಲು ದಾರಿ ಇರಲಿಲ್ಲ, ಅಷ್ಟೇ.

ಓಪನ್ ಸೋರ್ಸ್ ಸಿಸ್ಟಮ್‌ಗಳಲ್ಲಿ ಈ ಕಷ್ಟ ಜಾಸ್ತಿ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಯಾರಿಗೂ ಹೆಸರು ಕೊಡಬೇಕಾಗಿಲ್ಲ. ಅದು ಒಳ್ಳೆಯದೇ. ಆದರೆ ಬಳಸುವವರ ಪಟ್ಟಿಯೇ ಇಲ್ಲದ ಮೇಲೆ ಯಾರಿಗೆ ಅಂತ ಪತ್ರ ಬರೆಯುವುದು?

ನನಗೆ ಗೊತ್ತಿರುವ ಮಟ್ಟಿಗೆ ಇದನ್ನು ಸರಿಯಾಗಿ ಕೂತು ಯೋಚನೆ ಮಾಡಿದವರು ಜೆಂಟೂ ಅನ್ನುವ ಲಿನಕ್ಸ್ ಬಗೆಯನ್ನು ಕಟ್ಟುವ ಜನ. 2005ರಲ್ಲಿ ಕಿಯರನ್ ಮೆಕ್‌ಕ್ರೀಶ್ ಮತ್ತಿತರರು 'ಗ್ಲೆಪ್ 42' ಅನ್ನುವ ಪ್ರಸ್ತಾವ ಬರೆದರು (ಗ್ಲೆಪ್ ಅಂದರೆ ಜೆಂಟೂ ಸುಧಾರಣೆಯ ಪ್ರಸ್ತಾವ). ಆಗ ಅವರಿಗೂ ನಮ್ಮಂಥದ್ದೇ ಪೆಟ್ಟು ಬಿದ್ದಿತ್ತು. ಮೈಎಸ್‌ಕ್ಯೂಎಲ್ 4.1 ಬಂದಾಗ ಡೇಟಾಬೇಸ್ ಫಾರ್ಮ್ಯಾಟ್ ಬದಲಾಯಿತು, ಜಿಸಿಸಿ ಅನ್ನುವ ಕಂಪೈಲರ್‌ನ 3.4 ಬಂದಾಗ ಕೈಯಾರೆ ಮಾಡುವ ಕೆಲಸ ಬಿತ್ತು. ಸೂಚನೆ ಕೊಡಲು ಅವರ ಹತ್ತಿರ ದಾರಿಗಳಿಗೇನೂ ಕೊರತೆ ಇರಲಿಲ್ಲ: ಮೇಲಿಂಗ್ ಲಿಸ್ಟ್, ವೆಬ್‌ಸೈಟ್, ವಾರಪತ್ರಿಕೆ. ಪ್ಯಾಕೇಜ್ (ಒಂದೊಂದು ಸಾಫ್ಟ್‌ವೇರ್‌ನ ಕಟ್ಟು) ಕಂಪೈಲ್ ಆದ ಮೇಲೆ ಟರ್ಮಿನಲ್‌ನಲ್ಲಿ ಹಳದಿ ನಕ್ಷತ್ರ ಹಾಕಿ ತೋರಿಸುವ ಸಾಲುಗಳೂ ಇದ್ದವು. ಆದರೆ ನೂರು ಪ್ಯಾಕೇಜ್ ರಾತ್ರಿಯಿಡೀ ಕಂಪೈಲ್ ಆಗುವಾಗ ಮೂವತ್ತನೆಯದರ ಕೊನೆಯಲ್ಲಿ ಬಂದ ಹಳದಿ ಸಾಲನ್ನು ಯಾರು ನೋಡುತ್ತಾರೆ? ನೋಡಿದರೂ ಅಷ್ಟು ಹೊತ್ತಿಗೆ ಅಪ್‌ಡೇಟ್ ಆಗಿಯೇ ಹೋಗಿರುತ್ತದೆ.

ಅವರು ಮಾಡಿದ್ದು ಇಷ್ಟು. ಪ್ಯಾಕೇಜ್ ಪಟ್ಟಿ ಸಿಂಕ್ ಆಗುವಾಗ ಅದರ ಜೊತೆಯಲ್ಲೇ ಸಣ್ಣ ಸುದ್ದಿ ಫೈಲುಗಳು ಬರುತ್ತವೆ. ಎಲ್ಲಿಗೂ ಸೇರಬೇಕಾಗಿಲ್ಲ, ಯಾವ ಪುಟವನ್ನೂ ಕಾಯಬೇಕಾಗಿಲ್ಲ. ನೀವು ಪ್ಯಾಕೇಜ್ ಹಾಕುವ ಎಮರ್ಜ್ ಕಮಾಂಡ್ ಕೊಟ್ಟರೆ 'ಓದಬೇಕಾದ ಸುದ್ದಿ ಇಷ್ಟಿವೆ' ಅನ್ನುತ್ತದೆ. 'ಇಸೆಲೆಕ್ಟ್ ನ್ಯೂಸ್ ರೀಡ್' ಕೊಟ್ಟರೆ ಅಲ್ಲೇ ಓದಬಹುದು. ನನಗೆ ತುಂಬಾ ಹಿಡಿಸಿದ್ದು ಬೇರೆ. ಪ್ರತಿ ಸುದ್ದಿಯ ತಲೆಯಲ್ಲಿ 'ಈ ಪ್ಯಾಕೇಜ್ ಇದ್ದರೆ ಮಾತ್ರ ತೋರಿಸು', 'ಈ ಪ್ರೊಫೈಲ್ ಇದ್ದರೆ ಮಾತ್ರ ತೋರಿಸು' ಅಂತ ಬರೆಯಬಹುದು (ಪ್ರೊಫೈಲ್ ಅಂದರೆ ಸಿಸ್ಟಮ್‌ನ ಮೂಲ ಸೆಟ್ಟಿಂಗ್‌ಗಳ ಗುಂಪು). ಮೈಎಸ್‌ಕ್ಯೂಎಲ್ ಇಲ್ಲದವರಿಗೆ ಮೈಎಸ್‌ಕ್ಯೂಎಲ್ ಸುದ್ದಿ ಕಾಣುವುದೇ ಇಲ್ಲ. ಆ ಸೋಸುವ ಕೆಲಸ ನಡೆಯುವುದು ನಿಮ್ಮ ಮೆಷಿನ್‌ನಲ್ಲೇ. ನಿಮ್ಮ ಹತ್ತಿರ ಏನಿದೆ ಅನ್ನುವುದು ಹೊರಗೆ ಯಾರಿಗೂ ಹೋಗುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸೂಚನೆ ಇರಬೇಕಾದ್ದು ಅಪ್‌ಡೇಟ್ ಕೊಡುವ ಜಾಗದಲ್ಲೇ, ಅದೂ ಕೊಡುವ ಮೊದಲು. ಬೇರೆ ಎಲ್ಲ ದಾರಿಗಳೂ ಇರಲಿ, ಆದರೆ ಅವನ್ನೇ ನೆಚ್ಚಿಕೊಳ್ಳಬಾರದು.

ನೀವು ಬಳಸುವ ಸಿಸ್ಟಮ್‌ನಲ್ಲಿ ಹೇಗಿದೆ? ನಿಮಗೆ ತಲುಪಿದ್ದು, ತಲುಪದೇ ಇದ್ದದ್ದು ಎರಡನ್ನೂ ಹೇಳಿ.

ಡೆಬಿಯನ್ ಹಳಬ

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. 2008ರ ಮೇ ತಿಂಗಳನ್ನು ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? ನಾನಿದ್ದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಸೂಚನೆ ಕಮಾಂಡ್ ಹತ್ತಿರ ಬಂದರೂ ಸಾಕಾಗಲಿಲ್ಲ.

ಡೆಬಿಯನ್ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್‌ನಲ್ಲಿ (ಗುಪ್ತ ಕೀಗಳನ್ನು ತಯಾರಿಸುವ ಲೈಬ್ರರಿ) 2006ರಲ್ಲಿ ಒಂದು ಬದಲಾವಣೆ ಆಗಿತ್ತು. ಮೆಮೊರಿ ಪರೀಕ್ಷೆ ಮಾಡುವ ಉಪಕರಣ ದೂರು ಹೇಳುತ್ತಿತ್ತು ಅಂತ ಎರಡು ಸಾಲು ತೆಗೆದರು. ಅದರ ಜೊತೆಗೆ ಯಾದೃಚ್ಛಿಕ ಸಂಖ್ಯೆಗೆ ಬೇಕಾದ ಬೀಜವೂ ಹೋಯಿತು. ಉಳಿದದ್ದು ಪ್ರಾಸೆಸ್ ನಂಬರ್ ಒಂದೇ. ಅಂದರೆ ಒಂದೊಂದು ಬಗೆಯ ಕೀಗೆ ಇದ್ದದ್ದು 32,768 ಸಾಧ್ಯತೆ ಮಾತ್ರ. ಎಲ್ಲವನ್ನೂ ಮೊದಲೇ ತಯಾರಿಸಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬಹುದು. ಲೂಸಿಯಾನೊ ಬೆಲ್ಲೊ ಅನ್ನುವವರು ಇದನ್ನು ಹಿಡಿದರು. 2008ರ ಮೇ 13ರಂದು ಡಿಎಸ್‌ಎ-1571 ಅನ್ನುವ ಎಚ್ಚರಿಕೆ ಹೊರಬಿತ್ತು.

ಈಗ ಕಷ್ಟ ನೋಡಿ. ಅಪ್‌ಡೇಟ್ ಹಾಕಿಕೊಂಡರೆ ಲೈಬ್ರರಿ ಸರಿಯಾಗುತ್ತದೆ. ಆದರೆ ಒಂದೂವರೆ ವರ್ಷಕ್ಕೂ ಜಾಸ್ತಿ ಕಾಲ ತಯಾರಾದ ಕೀಗಳು ಹಾಗೇ ಇರುತ್ತವೆ! ಅವನ್ನು ಬಿಸಾಕಿ ಹೊಸದು ಮಾಡಬೇಕು. ಅದನ್ನು ಮನುಷ್ಯನೇ ಮಾಡಬೇಕು. ಇನ್ನೂ ಕಷ್ಟ ಏನೆಂದರೆ, ಡೆಬಿಯನ್ ಅಥವಾ ಉಬುಂಟುನಲ್ಲಿ ಮಾಡಿದ ಕೀಯನ್ನು ಜನ ಬೇರೆ ಬೇರೆ ಸರ್ವರ್‌ಗಳಿಗೆ ಹಾಕಿದ್ದರು. ಆ ಸರ್ವರ್‌ಗಳಲ್ಲಿ ಡೆಬಿಯನ್ ಇರಲೇಬೇಕು ಅಂತಿಲ್ಲ. ಅದನ್ನು ನೋಡಿಕೊಳ್ಳುವವರು ಡೆಬಿಯನ್ ಸೂಚನೆ ಯಾಕೆ ಓದುತ್ತಾರೆ?

ಡೆಬಿಯನ್ ತಂಡ ಮಾಡಿದ ಕೆಲಸ ಇವತ್ತಿಗೂ ನನಗೆ ಮೆಚ್ಚುಗೆ. ದುರ್ಬಲ ಕೀಗಳ ಪಟ್ಟಿಯನ್ನೇ ಒಂದು ಪ್ಯಾಕೇಜ್ ಮಾಡಿ, ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನ ಅಪ್‌ಡೇಟ್ ಜೊತೆ ಕಳಿಸಿದರು. ಆ ಪಟ್ಟಿಯಲ್ಲಿರುವ ಕೀ ತಂದರೆ ಸರ್ವರ್ ಒಳಗೇ ಬಿಡುವುದಿಲ್ಲ. ನಮ್ಮ ಕೀಗಳನ್ನು ಹುಡುಕಿ ತೋರಿಸಲು 'ಎಸ್‌ಎಸ್‌ಎಚ್-ವಲ್ನ್‌ಕೀ' ಅನ್ನುವ ಕಮಾಂಡ್ ಕೊಟ್ಟರು. ಸರ್ವರ್‌ನ ಸ್ವಂತ ಕೀ ದುರ್ಬಲವಾಗಿದ್ದರೆ ಅಪ್‌ಡೇಟ್ ಆಗುವಾಗಲೇ ತಡೆದು, ಕೇಳಿ, ಹೊಸದು ಮಾಡಿಕೊಡುತ್ತಿತ್ತು. ಯಾರಿಗೆ ಸೂಚನೆ ತಲುಪಿಲ್ಲವೋ ಅವರನ್ನೂ ಸಾಫ್ಟ್‌ವೇರ್ ಕಾಪಾಡಿತು.

ಹಾಗಾಗಿ ತುಂಗಾತೀರ ಅವರಿಗೆ ನನ್ನ ಒಂದು ಸೇರ್ಪಡೆ. ತಿಳಿಸಿದರೆ ಮುಗಿಯಿತು ಅಂತ ಬಿಡಬಾರದು. ಓದದವನಿಗೆ ಏನಾಗುತ್ತದೆ ಅನ್ನುವುದನ್ನೂ ಸೂಚನೆ ಬರೆಯುವವರೇ ಯೋಚನೆ ಮಾಡಬೇಕು.

ತುಂಗಾತೀರ

ಇದನ್ನು ಪೂರ್ತಿ ಒಪ್ಪುತ್ತೇನೆ ಸರ್. ಜೆಂಟೂನಲ್ಲೂ ಇದೇ ಬುದ್ಧಿ ಬಳಸಿದ ಒಂದು ಸಂದರ್ಭ ಇದೆ. 2019ರ ಜೂನ್‌ನಲ್ಲಿ 17.1 ಪ್ರೊಫೈಲ್ ಬಂತು. 32 ಬಿಟ್ ಲೈಬ್ರರಿಗಳು ಇರುವ ಜಾಗವೇ ಬದಲಾಗುತ್ತಿತ್ತು. ಸುದ್ದಿ ಫೈಲ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದರು: ಮೊದಲು ಈ ಉಪಕರಣ ಓಡಿಸಿ, ಆಮೇಲೆ ಪ್ರೊಫೈಲ್ ಬದಲಿಸಿ. ಅದನ್ನು ಓದದೆ ಯಾರಾದರೂ ನೇರವಾಗಿ ಪ್ರೊಫೈಲ್ ಬದಲಿಸಿದರೆ? ಮುಂದಿನ ಪ್ಯಾಕೇಜ್ ಹಾಕಲು ಹೋದಾಗ '17.1ಕ್ಕೆ ಬೇಕಾದ ವರ್ಗಾವಣೆ ಆಗಿಲ್ಲ' ಅಂತ ಹೇಳಿ ಕೆಲಸ ನಿಲ್ಲಿಸುತ್ತಿತ್ತು. ಸಿಸ್ಟಮ್ ಹಾಳಾಗುವ ಮೊದಲೇ.

ಬಾಣದ ಗುರುತು

ನಾನು ಆರ್ಚ್ ಲಿನಕ್ಸ್ ಬಳಸುವವನು. ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆರ್ಚ್‌ನಲ್ಲಿ ಮುಖಪುಟದ ಮೇಲೇ ಸುದ್ದಿ ಇರುತ್ತದೆ. ಮೇಲ್ ಲಿಸ್ಟ್ ಇದೆ, ಫೀಡ್ ಇದೆ. ಅಪ್‌ಡೇಟ್ ಕೊಡುವ ಮೊದಲು ಓದಿ ಅಂತ ವಿಕಿಯಲ್ಲಿ ಬರೆದಿದೆ. ಸುದ್ದಿ ಬರುವುದೂ ಅಪರೂಪ. ಅಷ್ಟನ್ನೂ ಓದಲಾರೆ ಅನ್ನುವವರು ಪ್ರತಿದಿನ ಬದಲಾಗುವ ಸಿಸ್ಟಮ್ ಯಾಕೆ ಆರಿಸಿಕೊಳ್ಳಬೇಕು? ಸ್ವಂತ ಜವಾಬ್ದಾರಿ ಅನ್ನುವುದು ಒಂದು ಇದೆಯಲ್ಲ. ಎಲ್ಲವನ್ನೂ ತುತ್ತು ಮಾಡಿ ಬಾಯಿಗಿಟ್ಟರೆ ಕಲಿಯುವುದು ಯಾವಾಗ?

ತುಂಗಾತೀರ

ಬೇಜಾರು ಯಾಕೆ ಸರ್, ಭಿನ್ನಾಭಿಪ್ರಾಯ ಬರಲಿ ಅಂತಲೇ ಬರೆದದ್ದು.

ಜವಾಬ್ದಾರಿ ಮಾತು ಒಪ್ಪುತ್ತೇನೆ. ಆದರೆ ಆರ್ಚ್‌ನದೇ ಮೂರು ಘಟನೆ ನೋಡೋಣ. 2012ರ ಜುಲೈನಲ್ಲಿ '/ಲಿಬ್' ಫೋಲ್ಡರ್ ಸಿಮ್‌ಲಿಂಕ್ (ಬೇರೆ ಫೋಲ್ಡರ್‌ಗೆ ಕೈತೋರಿಸುವ ಕೊಂಡಿ) ಆಯಿತು. ಏನು ಮಾಡಬೇಕು ಅಂತ ಸುದ್ದಿಯಲ್ಲಿ ಸರಿಯಾಗಿ ಬರೆದಿದ್ದರು, '--ಫೋರ್ಸ್' (ಬಲವಂತವಾಗಿ ಹಾಕು ಅನ್ನುವ ಆಯ್ಕೆ) ಹಾಕಬೇಡಿ ಅಂತಲೂ ಹೇಳಿದ್ದರು. ಸುದ್ದಿ ನೋಡದವರಿಗೆ ಕಂಡದ್ದು ಆರ್ಚ್‌ನಲ್ಲಿ ಪ್ಯಾಕೇಜ್ ಹಾಕುವ ಪ್ಯಾಕ್‌ಮ್ಯಾನ್ ಕೊಟ್ಟ 'ಫೈಲ್ ಆಗಲೇ ಇದೆ' ಅನ್ನುವ ಎರರ್ ಮಾತ್ರ. ಆ ಎರರ್ ಹಿಡಿದು ಹುಡುಕಿದರೆ ಹಳೆಯ ಉತ್ತರಗಳೆಲ್ಲ ಹೇಳುವುದು ಅದೇ '--ಫೋರ್ಸ್'. ಹಾಕಿದವರ ಸಿಸ್ಟಮ್ ಹೋಯಿತು.

2022ರ ಆಗಸ್ಟ್‌ನಲ್ಲಿ ಗ್ರಬ್, ಅಂದರೆ ಕಂಪ್ಯೂಟರ್ ಬೂಟ್ ಮಾಡಿಸುವ ಪ್ರೋಗ್ರಾಂ. ಹೊಸ ಪ್ಯಾಕೇಜ್ ಬಂದ ಮೇಲೆ ಗ್ರಬ್ ಅನ್ನು ಡಿಸ್ಕ್‌ಗೆ ಮತ್ತೆ ಇನ್‌ಸ್ಟಾಲ್ ಮಾಡದೆ, ಕಾನ್ಫಿಗ್ ಫೈಲ್ ಮಾತ್ರ ಹೊಸದಾಗಿ ಬರೆದುಕೊಂಡವರಲ್ಲಿ ಕೆಲವರ ಮೆಷಿನ್ ಬೂಟ್ ಆಗಲಿಲ್ಲ. ಇಲ್ಲಿ ಅಧಿಕೃತ ಸುದ್ದಿ ಬಂದದ್ದೇ ಜನ ಪೆಟ್ಟು ತಿಂದ ಮೇಲೆ, ಆಗಸ್ಟ್ 30ರಂದು. ಎಷ್ಟು ಜವಾಬ್ದಾರಿಯಿಂದ ಓದುವವನಾದರೂ ಅಪ್‌ಡೇಟ್ ಕೊಟ್ಟ ದಿನ ಓದಲು ಅಲ್ಲಿ ಏನೂ ಇರಲಿಲ್ಲ.

2025ರ ಜೂನ್‌ನಲ್ಲಿ ಫರ್ಮ್‌ವೇರ್ ಪ್ಯಾಕೇಜ್ ಒಡೆದು ಹಲವು ಮಾಡಿದರು. ಮೊದಲು ಹಳೆಯದನ್ನು ತೆಗೆದು, ಆಮೇಲೆ ಹೊಸದು ಹಾಕಿ ಅಂತ ಸುದ್ದಿ ಬಂತು. ನೋಡದವರಿಗೆ ಮತ್ತೆ ಅದೇ 'ಫೈಲ್ ಆಗಲೇ ಇದೆ'.

ಎರರ್ ಕಂಡ ಆ ಕ್ಷಣ ಮನುಷ್ಯ ಗಾಬರಿಯಲ್ಲಿರುತ್ತಾನೆ. ಮೊದಲು ಕೈಗೆ ಸಿಕ್ಕ ಕಮಾಂಡ್ ಕೊಟ್ಟುಬಿಡುತ್ತಾನೆ. ಎರಡು ಸಾಲು ಅಲ್ಲೇ ಕಂಡಿದ್ದರೆ? ಕಲಿಯುವುದು ನಿಲ್ಲುತ್ತಿರಲಿಲ್ಲ, ರಾತ್ರಿ ನಿದ್ದೆ ಮಾತ್ರ ಉಳಿಯುತ್ತಿತ್ತು.

ಬಾಣದ ಗುರುತು

ಗ್ರಬ್ ವಿಷಯ ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಮಾಹಿತಿ ಸೇರಿಸುತ್ತೇನೆ. ಎಯುಆರ್‌ನಲ್ಲಿ (ಆರ್ಚ್ ಬಳಕೆದಾರರೇ ಪ್ಯಾಕೇಜ್ ಹಾಕುವ ಭಂಡಾರ) 'ಇನ್ಫಾರ್ಮೆಂಟ್' ಅನ್ನುವ ಸಣ್ಣ ಉಪಕರಣ ಇದೆ. ಓದದ ಸುದ್ದಿ ಇದ್ದರೆ ಪ್ಯಾಕ್‌ಮ್ಯಾನ್ ಅನ್ನು ಅಲ್ಲೇ ನಿಲ್ಲಿಸುತ್ತದೆ. ನಾನು ಹಾಕಿಕೊಂಡಿದ್ದೇನೆ. ಆದರೆ ಅದನ್ನು ಹುಡುಕಿ ಹಾಕಿಕೊಳ್ಳುವವನು ಹೇಗೂ ಸುದ್ದಿ ಓದುವವನೇ ಆಗಿರುತ್ತಾನೆ. ಅದು ತಾನಾಗಿಯೇ ಬರಬೇಕು ಅನ್ನುವ ನಿಮ್ಮ ಮಾತಿನಲ್ಲಿ ಅರ್ಥ ಇದೆ.

ರಾತ್ರಿಪಾಳಿ

ಹತ್ತಾರು ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ನನ್ನ ಸಮಸ್ಯೆ ತಿರುಗಾ ಮುರುಗಾ. ಸೂಚನೆ ಬರುವುದಿಲ್ಲ ಅಂತಲ್ಲ, ಬಂದು ಬಂದು ಬೀಳುತ್ತದೆ.

ಪ್ರತಿ ಮೆಷಿನ್‌ನಿಂದ ದಿನಾ ಮೇಲ್. ಲಾಗಿನ್ ಆದ ಕೂಡಲೇ ಹತ್ತು ಸಾಲು: ಇಷ್ಟು ಅಪ್‌ಡೇಟ್ ಇವೆ, ಇಷ್ಟು ಸೆಕ್ಯುರಿಟಿಯವು, ಹೊಸ ಆವೃತ್ತಿ ಬಂದಿದೆ, ರೀಬೂಟ್ ಬೇಕು. ದಿನಾ ಸಾಯೋರಿಗೆ ಅಳೋರು ಯಾರು ಅನ್ನುವ ಹಾಗೆ ಆಗಿದೆ. ಕಣ್ಣು ಆ ಹತ್ತು ಸಾಲನ್ನು ದಾಟಿ ನೇರ ಕರ್ಸರ್ ಹತ್ತಿರ ಹೋಗುತ್ತದೆ. ಹನ್ನೊಂದನೆಯ ಸಾಲಿನಲ್ಲಿ ಬೆಂಕಿ ಬಿದ್ದಿದೆ ಅಂತ ಬರೆದರೂ ಕಾಣುವುದಿಲ್ಲ.

2017ರಲ್ಲಿ ಉಬುಂಟು ಸರ್ವರ್‌ಗಳ ಲಾಗಿನ್ ಸಂದೇಶದಲ್ಲಿ ಒಂದು ಟಿವಿ ಧಾರಾವಾಹಿಗೆ ಸಂಬಂಧಪಟ್ಟ ಲೇಖನದ ಲಿಂಕ್ ಬಂದಿತ್ತು. ದೊಡ್ಡ ಗಲಾಟೆಯೇ ಆಯಿತು. ಅದೇ ಜಾಗವನ್ನು ತುರ್ತು ಸೂಚನೆಗೂ ಇಟ್ಟುಕೊಂಡಿದ್ದರು. ಜನ ಸಿಟ್ಟಿಗೆದ್ದು ಆ ಸೇವೆಯನ್ನೇ ಆಫ್ ಮಾಡಿದರು. ಆಫ್ ಮಾಡಿದವರಿಗೆ ಮುಂದೆ ಬರುವ ತುರ್ತು ಸೂಚನೆಯೂ ಹೋಯಿತಲ್ಲ! ನನಗೆ ಬೇಸರವಾಗುವುದು ಅದಕ್ಕೆ. ಆ ದಾರಿಯನ್ನು ದೇವರ ಮನೆ ಹಾಗೆ ಇಟ್ಟುಕೊಳ್ಳಬೇಕು. ಬೇರೆ ಸಾಮಾನು ತಂದು ತುಂಬಬಾರದು.

ತುಂಗಾತೀರ ಅವರೇ, ಜೆಂಟೂನಲ್ಲಿ ಇದಕ್ಕೆ ಕಡಿವಾಣ ಇದೆಯಾ?

ತುಂಗಾತೀರ

ಇದೆ. ಸುದ್ದಿ ಹಾಕುವ ಡೆವಲಪರ್ ಮೊದಲು ಕರಡನ್ನು ಡೆವಲಪರ್‌ಗಳ ಮೇಲಿಂಗ್ ಲಿಸ್ಟ್‌ಗೆ ಕಳಿಸಬೇಕು. ಸಾಮಾನ್ಯವಾಗಿ ಕಡಿಮೆ ಅಂದರೂ 72 ಗಂಟೆ ಕಾಯಬೇಕು. ಅಷ್ಟರಲ್ಲಿ ಉಳಿದವರು ಓದಿ 'ಇದು ಸುದ್ದಿಯಾಗುವಷ್ಟು ಮುಖ್ಯವಾ?', 'ಈ ವಾಕ್ಯ ಅರ್ಥವಾಗಲಿಲ್ಲ' ಅಂತ ಹೇಳುತ್ತಾರೆ. ಶೀರ್ಷಿಕೆ ಉದ್ದಕ್ಕೂ ಮಿತಿ ಇದೆ. ಹೊಸ ಆವೃತ್ತಿ ಬಿಡುಗಡೆಯ ಸಂಭ್ರಮ, ಸಮ್ಮೇಳನದ ಆಹ್ವಾನ ಇವಕ್ಕೆಲ್ಲ ಅಲ್ಲಿ ಜಾಗ ಇಲ್ಲ. ಹಾಗಾಗಿಯೇ 'ಓದಬೇಕಾದ ಸುದ್ದಿ ಇದೆ' ಅಂತ ಬಂದರೆ ನಾನು ಕಾಫಿ ಲೋಟ ಕೆಳಗಿಟ್ಟು ಓದುತ್ತೇನೆ.

ಲ್ಯಾಬ್ ಮೇಡಂ

ನಮಸ್ಕಾರ, ನಾನು ಹಾಸನ ಜಿಲ್ಲೆಯ ಒಂದು ಶಾಲೆಯಲ್ಲಿ ಟೀಚರ್. ನಮ್ಮ ಲ್ಯಾಬಿನಲ್ಲಿ 20 ಕಂಪ್ಯೂಟರ್ ಇವೆ, ಎಲ್ಲದರಲ್ಲೂ ಲಿನಕ್ಸ್ ಮಿಂಟ್. ನಿಮ್ಮ ಚರ್ಚೆ ಪೂರ್ತಿ ಓದಿದೆ. ಅರ್ಧ ಅರ್ಥವಾಯಿತು, ಆದರೆ ವಿಷಯ ನನ್ನದೇ ಅನ್ನಿಸಿತು.

ನಮ್ಮಲ್ಲಿ ಟರ್ಮಿನಲ್ ತೆರೆಯುವವರು ಯಾರೂ ಇಲ್ಲ. ಕೆಳಗಡೆ ಮೂಲೆಯಲ್ಲಿ ಒಂದು ಗುರಾಣಿ ಚಿತ್ರ ಬರುತ್ತದೆ, ಅಷ್ಟೇ ನಮಗೆ ಗೊತ್ತಿರುವ ಸೂಚನೆ. ಅದರ ಮೇಲೆ ಕೆಂಪು ಚುಕ್ಕೆ ಇದ್ದರೆ ಏನೋ ಇದೆ ಅಂತ. ಮಕ್ಕಳು ಪಾಠ ನಡೆಯುವಾಗ ಏನಾದರೂ ಕಿಟಕಿ ತೆರೆದುಕೊಂಡರೆ ಕೂಡಲೇ ಮುಚ್ಚುತ್ತಾರೆ. ನಾನೂ ಮುಚ್ಚಿ ಅಂತಲೇ ಹೇಳುತ್ತೇನೆ, 40 ನಿಮಿಷದ ಪೀರಿಯಡ್ ಸರ್. ಆಮೇಲೆ ಸಂಜೆ ಮರೆತುಹೋಗುತ್ತದೆ. ಇನ್ನೊಂದು, ಅದರಲ್ಲಿ ಬರುವ ಮಾತೆಲ್ಲ ಇಂಗ್ಲಿಷು. ಯಾವುದು ಇವತ್ತೇ ಮಾಡಬೇಕಾದ್ದು, ಯಾವುದು ಮುಂದಿನ ತಿಂಗಳು ಆದರೂ ಆಗುತ್ತದೆ ಅಂತ ನನಗೆ ಗೊತ್ತಾಗುವುದಿಲ್ಲ.

ನನ್ನಂಥವರಿಗೆ ಏನು ದಾರಿ?

ಡೆಬಿಯನ್ ಹಳಬ

ಮೇಡಂ, ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ನಾವೆಲ್ಲ ನಮ್ಮಂಥವರ ಬಗ್ಗೆ ಮಾತ್ರ ಮಾತಾಡುತ್ತಿದ್ದೆವು.

ನಿಮ್ಮ ಸಮಸ್ಯೆ ಮಿಂಟ್ ತಂಡಕ್ಕೂ ಗೊತ್ತಿದೆ. 2021ರ ಫೆಬ್ರವರಿಯಲ್ಲಿ ಅವರು 'ನಿಮ್ಮ ಕಂಪ್ಯೂಟರ್ ಅಪ್‌ಡೇಟ್ ಮಾಡಿ' ಅಂತ ಕಳಕಳಿಯಿಂದ ಬರೆದರು. ಬ್ರೌಸರ್‌ನ ಹೊಸ ಆವೃತ್ತಿ ಬಂದು ಒಂದು ವಾರದ ಒಳಗೆ ಹಾಕಿಕೊಂಡವರು ಸುಮಾರು 30% ಮಾತ್ರ ಅಂತ ಅವರ ಲೆಕ್ಕಕ್ಕೆ ಸಿಕ್ಕಿತ್ತು. 2019ರ ಏಪ್ರಿಲ್‌ಗೇ ಬೆಂಬಲ ಮುಗಿದ 17ರ ಸರಣಿಯನ್ನು ಇನ್ನೂ ಬಳಸುವವರು ಇದ್ದರು. ಹಾಗಾಗಿ 2021ರಲ್ಲೇ ಬಂದ 20.2 ಆವೃತ್ತಿಯಲ್ಲಿ ಅಪ್‌ಡೇಟ್ ಮ್ಯಾನೇಜರ್ ಜ್ಞಾಪಿಸುವ ಹಾಗೆ ಮಾಡಿದರು. ಒಂದು ಅಪ್‌ಡೇಟ್ ಬಂದು, ನೀವು ಕಂಪ್ಯೂಟರ್ ಬಳಸಿದ 7 ದಿನ ಅಥವಾ ಕ್ಯಾಲೆಂಡರ್‌ನ 15 ದಿನ ಕಳೆದರೆ ಮಾತ್ರ ಸೂಚನೆ ಬರುತ್ತದೆ. ಮೊದಲ ದಿನದಿಂದಲೇ ಪೀಡಿಸುವುದಿಲ್ಲ. ರಾತ್ರಿಪಾಳಿ ಅವರು ಹೇಳಿದ ಬೇಸರ ಬಾರದಿರಲಿ ಅಂತ ಯೋಚನೆ ಮಾಡಿ ಇಟ್ಟ ಲೆಕ್ಕ ಅದು.

ನಿಮ್ಮ ಲ್ಯಾಬಿಗೆ ನನ್ನ ಸಲಹೆ: ಅಪ್‌ಡೇಟ್ ಮ್ಯಾನೇಜರ್‌ನ ಪ್ರಿಫರೆನ್ಸಸ್‌ನಲ್ಲಿ 'ಆಟೊಮೇಶನ್' ಅಂತ ಇದೆ. ಅಲ್ಲಿ ತಾನಾಗಿಯೇ ಅಪ್‌ಡೇಟ್ ಆಗುವ ಹಾಗೆ ಇಡಿ. ಅದಕ್ಕೆ ಮೊದಲು ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್ ಸರಿಯಾಗಿ ಆಗುತ್ತಿದೆಯಾ ನೋಡಿಕೊಳ್ಳಿ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ವಾಪಸ್ ಹೋಗಬಹುದು.

ರಾತ್ರಿಪಾಳಿ

ಮೇಡಂ ಅವರಂಥವರಿಗೆ ತಾನಾಗಿ ಆಗುವುದೇ ಸರಿ, ನನ್ನದೂ ಅದೇ ಮತ. ಉಬುಂಟುನಲ್ಲಿ 16.04ರಿಂದ ಸೆಕ್ಯುರಿಟಿ ಅಪ್‌ಡೇಟ್ ತಾನಾಗಿ ಆಗುವುದೇ ಡಿಫಾಲ್ಟ್. ಅದರಿಂದ ಎಷ್ಟೋ ಸೂಚನೆಗಳ ಅಗತ್ಯವೇ ಇಲ್ಲವಾಯಿತು.

ಆದರೆ ತಾನಾಗಿ ಆಗದ ಎರಡು ಕೆಲಸ ಉಳಿಯುತ್ತವೆ. ಒಂದು ರೀಬೂಟ್. ಕರ್ನಲ್ (ಸಿಸ್ಟಮ್‌ನ ತಿರುಳು) ಹೊಸದು ಬಂದು ಡಿಸ್ಕ್‌ನಲ್ಲಿ ಕೂತಿರುತ್ತದೆ, ಓಡುತ್ತಿರುವುದು ಹಳೆಯದೇ. ಶಾಲೆಯಲ್ಲಿ ದಿನಾ ಆಫ್ ಮಾಡುವುದರಿಂದ ನಿಮಗೆ ಆ ಚಿಂತೆ ಇಲ್ಲ. ಇನ್ನೊಂದು, ಆವೃತ್ತಿಯ ಆಯಸ್ಸು ಮುಗಿಯುವುದು. ಇದು ನನಗೆ ಅತಿ ಭಯದ ವಿಷಯ. ಬೆಂಬಲ ನಿಂತ ಡೆಬಿಯನ್ ಅಥವಾ ಉಬುಂಟು ಮೆಷಿನ್‌ನಲ್ಲಿ ಆಪ್ಟ್ (ಅಲ್ಲಿ ಪ್ಯಾಕೇಜ್ ಹಾಕುವ ಉಪಕರಣ) ಅಪ್‌ಡೇಟ್ ಕೊಟ್ಟು ನೋಡಿ. 'ಎಲ್ಲ ಪ್ಯಾಕೇಜ್ ಅಪ್ ಟು ಡೇಟ್ ಇವೆ' ಅನ್ನುತ್ತದೆ. ಅದು ಸುಳ್ಳೂ ಅಲ್ಲ. ಹೊಸದು ಬರುವುದೇ ನಿಂತಿದೆ, ಅದಕ್ಕೇ ಬಾಕಿ ಏನೂ ಇಲ್ಲ. ನೋಡುವವರಿಗೆ ಮಾತ್ರ ಆರೋಗ್ಯವಾಗಿರುವ ಮೆಷಿನ್ ಹಾಗೇ ಕಾಣುತ್ತದೆ.

ಡೆಬಿಯನ್‌ನಲ್ಲಿ 'ಡೆಬಿಯನ್-ಸೆಕ್ಯುರಿಟಿ-ಸಪೋರ್ಟ್' ಅಂತ ಒಂದು ಪ್ಯಾಕೇಜ್ ಇದೆ. ಹಾಕಿಕೊಂಡರೆ, ನಿಮ್ಮಲ್ಲಿರುವ ಯಾವ ಪ್ಯಾಕೇಜ್‌ಗೆ ಬೆಂಬಲ ಮುಗಿದಿದೆ ಅಂತ ತಾನೇ ಹೇಳುತ್ತದೆ. ಸರ್ವರ್ ಇರುವವರೆಲ್ಲ ದಯವಿಟ್ಟು ಹಾಕಿಕೊಳ್ಳಿ.

ಹೊಳೆದಂಡೆ

ಫೈಲ್ ಕುಗ್ಗಿಸುವ ಎಕ್ಸ್‌ಝೆಡ್ ಸಾಫ್ಟ್‌ವೇರ್‌ನ ಪ್ರಕರಣ ಯಾರೂ ಹೇಳಲಿಲ್ಲವಲ್ಲ! 2024ರ ಮಾರ್ಚ್ 29, ಗುಡ್ ಫ್ರೈಡೆ. ನಮ್ಮಲ್ಲಿ ರಾತ್ರಿಯಾಗಿತ್ತು. ಎಸ್‌ಎಸ್‌ಎಚ್ ಲಾಗಿನ್‌ಗೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅಂತ ಕೆದಕುತ್ತಾ ಹೋದ ಆಂಡ್ರೆಸ್ ಫ್ರಾಯಿಂಡ್, ಎಕ್ಸ್‌ಝೆಡ್‌ನ 5.6.0 ಮತ್ತು 5.6.1ರಲ್ಲಿ ಕಳ್ಳ ಬಾಗಿಲು ಇದೆ ಅಂತ ಬರೆದರು.

ನನಗೆ ಮೊದಲು ಬಂದದ್ದು ವಾಟ್ಸಾಪ್ ಫಾರ್ವರ್ಡ್. 'ಲಿನಕ್ಸ್ ಎಲ್ಲ ಹ್ಯಾಕ್ ಆಗಿದೆ, ಸರ್ವರ್ ಬಂದ್ ಮಾಡಿ.' ಕೈಕಾಲು ಆಡಲಿಲ್ಲ. ಆಮೇಲೆ ಓದಿದರೆ, ಡೆಬಿಯನ್ ಸ್ಟೇಬಲ್ ಬಳಸುವವರಿಗೆ ಆ ಆವೃತ್ತಿ ಬಂದೇ ಇರಲಿಲ್ಲ. ಟೆಸ್ಟಿಂಗ್, ಅನ್‌ಸ್ಟೇಬಲ್, ಫೆಡೋರಾ ರಾಹೈಡ್ ಅಂಥ ಇನ್ನೂ ಪರೀಕ್ಷೆಯಲ್ಲಿರುವ ಆವೃತ್ತಿ ಬಳಸುವವರಿಗೆ ಬಂದಿತ್ತು. ನನ್ನ ಸರ್ವರ್‌ನಲ್ಲಿದ್ದದ್ದು ಸ್ಟೇಬಲ್. ಎರಡು ಗಂಟೆ ಸುಮ್ನೆ ಒದ್ದಾಡಿದೆ. ತುಂಗಾತೀರ ಹೇಳಿದ 'ಈ ಪ್ಯಾಕೇಜ್ ಇದ್ದರೆ ಮಾತ್ರ ತೋರಿಸು' ಅನ್ನುವುದರ ಬೆಲೆ ನನಗೆ ಅವತ್ತು ಗೊತ್ತಾಗಬೇಕಿತ್ತು. ನಿಮಗೆ ಸಂಬಂಧವಿಲ್ಲ ಅಂತ ಹೇಳುವುದೂ ಒಂದು ಸೂಚನೆಯೇ ಅಲ್ವಾ?

ಇನ್ನೊಂದು ಗೊಂದಲ. ಡೆಬಿಯನ್‌ನವರು ಸರಿಪಡಿಸಿ ಬಿಟ್ಟ ಪ್ಯಾಕೇಜ್ ಹೆಸರು '5.6.1+ರಿಯಲಿ5.4.5-1'. ಒಳಗಿರುವುದು ಹಳೆಯ 5.4.5. ಆದರೆ ನಂಬರ್ ಹಿಂದಕ್ಕೆ ಹೋದರೆ ಆಪ್ಟ್ ಅದನ್ನು ಅಪ್‌ಡೇಟ್ ಅಂತ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಮುಂದೆ 5.6.1 ಅಂತ ಹಾಕಿದ್ದರು. ಟೆಸ್ಟಿಂಗ್ ಬಳಸುವ ನನ್ನ ಗೆಳತಿ ಸರಿಯಾದ ಪ್ಯಾಕೇಜ್ ಹಾಕಿಕೊಂಡ ಮೇಲೂ 5.6.1 ನೋಡಿ ಮತ್ತೆ ಗಾಬರಿಯಾದಳು. ಹೀಗೆ ಕಾಣುತ್ತದೆ, ಹೆದರಬೇಡಿ ಅಂತ ಒಂದು ಸಾಲು ಅಪ್‌ಡೇಟ್ ಜೊತೆಗೇ ಕಣ್ಣಿಗೆ ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಬಾಣದ ಗುರುತು

ಸುಳ್ಳು ಸೂಚನೆ ವಿಷಯವೂ ಬರಲಿ. 2016ರ ಫೆಬ್ರವರಿ 20ರಂದು ಮಿಂಟ್‌ನ ವೆಬ್‌ಸೈಟ್‌ಗೇ ಕಳ್ಳರು ನುಗ್ಗಿ, ಡೌನ್‌ಲೋಡ್ ಲಿಂಕ್ ಬದಲಿಸಿ, ಹಾಳು ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಹಂಚಿದರು. 2018ರ ಜೂನ್ 28ರಂದು ಕೋಡ್ ಇಡುವ ಗಿಟ್‌ಹಬ್ ಸೈಟ್‌ನಲ್ಲಿ ಜೆಂಟೂನವರ ಖಾತೆಯೇ ಕೈತಪ್ಪಿತು. 2025ರ ಜುಲೈನಲ್ಲಿ ಎಯುಆರ್‌ಗೆ 'ಫೈರ್‌ಫಾಕ್ಸ್-ಪ್ಯಾಚ್-ಬಿನ್' ಅಂತ ಹೆಸರಿಟ್ಟು ಕಳ್ಳ ಸಾಫ್ಟ್‌ವೇರ್ ಹಾಕಿದ್ದರು. ಹೆಸರು ನೋಡಿದರೆ ರಿಪೇರಿ ಅನ್ನಿಸಬೇಕು, ಹಾಗೆ. ಎಚ್ಚರಿಕೆ ಬರುವ ದಾರಿಯನ್ನೇ ಯಾರಾದರೂ ಹಿಡಿದರೆ?

ತುಂಗಾತೀರ

ಅದಕ್ಕೇ ಒಂದೇ ದಾರಿ ಸಾಲದು, ಸಹಿಯೂ ಬೇಕು. 2018ರಲ್ಲಿ ಜೆಂಟೂನ ಗಿಟ್‌ಹಬ್ ಪ್ರತಿಗೆ ಮಾತ್ರ ಪೆಟ್ಟು ಬಿತ್ತು, ಮೂಲ ಭಂಡಾರ ಅವರದೇ ಸರ್ವರ್‌ಗಳಲ್ಲಿ ಸುರಕ್ಷಿತವಾಗಿತ್ತು. ಗಿಟ್‌ಹಬ್‌ನಲ್ಲಿರುವುದನ್ನು ನಂಬಬೇಡಿ ಅಂತ ತಮ್ಮ ಸೈಟ್ ಮತ್ತು ಮೇಲ್ ಲಿಸ್ಟ್ ಮೂಲಕ ಬೇಗ ತಿಳಿಸಿದರು. ಗಿಟ್‌ಹಬ್ ಒಂದನ್ನೇ ನಂಬಿಕೊಂಡಿದ್ದರೆ ಅದನ್ನು ಹೇಳಲು ಜಾಗವೇ ಇರುತ್ತಿರಲಿಲ್ಲ. ಸುದ್ದಿ ಫೈಲ್‌ಗಳಿಗೂ ಡಿಜಿಟಲ್ ಸಹಿಯ ರಕ್ಷಣೆ ಇರುತ್ತದೆ.

ಈಗ ಮೇಡಂ ಎತ್ತಿದ ಭಾಷೆಯ ಮಾತಿಗೆ ಬರುತ್ತೇನೆ. ನನ್ನ ಮನಸ್ಸು ಅಲ್ಲೇ ನಿಂತಿದೆ. ಗ್ಲೆಪ್ 42ರಲ್ಲಿ ಸುದ್ದಿ ಫೈಲ್ ಹೆಸರಿನಲ್ಲೇ ಭಾಷೆಯ ಕೋಡ್ ಇರುತ್ತದೆ. ಇಂಗ್ಲಿಷ್ ಕಡ್ಡಾಯ, ಬೇರೆ ಭಾಷೆಯ ಅನುವಾದ ಪಕ್ಕದಲ್ಲೇ ಇಡಬಹುದು. ಅಂದರೆ 2005ರಲ್ಲೇ ಕನ್ನಡಕ್ಕೂ ಒಂದು ಕುರ್ಚಿ ಹಾಕಿಟ್ಟಿದ್ದಾರೆ. ಕೂರುವವರು ಬೇಕು. ಇಡೀ ಸಿಸ್ಟಮ್ ಅನುವಾದ ಮಾಡುವುದು ದೊಡ್ಡ ಕೆಲಸ ನಿಜ, ಇದು ಒಂದು ಪುಟದೊಳಗೆ ಮುಗಿಯುವ ಸುದ್ದಿ. ಜೆಂಟೂ ಬಳಸುವ ಕನ್ನಡಿಗರು ಎಷ್ಟು ಮಂದಿ ಅಂತ ಕೇಳಬಹುದು. ಆದರೆ ನಾವು ಇಲ್ಲಿ ಬರೆಯುವುದನ್ನು ಕಲಿತರೆ ಮಿಂಟ್, ಡೆಬಿಯನ್, ಉಬುಂಟು ಬಳಸುವ ಶಾಲೆಗಳಿಗೂ ಅದೇ ಅಚ್ಚಿನಲ್ಲಿ ಬರೆದು ಕಳಿಸಬಹುದು.

ಎಕ್ಸ್‌ಝೆಡ್‌ಗೆ ಅವತ್ತೇ ಬರೆದಿದ್ದರೆ ಹೇಗಿರುತ್ತಿತ್ತು ಅಂತ ಒಂದು ಕರಡು:

'ಎಕ್ಸ್‌ಝೆಡ್ 5.6.0 ಮತ್ತು 5.6.1ರಲ್ಲಿ ಕಳ್ಳ ಬಾಗಿಲು ಸಿಕ್ಕಿದೆ. ನಿಮ್ಮಲ್ಲಿ ಯಾವುದಿದೆ ಅಂತ ನೋಡಲು ಪ್ಯಾಕೇಜ್ ಪಟ್ಟಿಯಲ್ಲಿ ಎಕ್ಸ್‌ಝೆಡ್ ಮುಂದಿನ ನಂಬರ್ ನೋಡಿ. ಬೇರೆ ನಂಬರ್ ಇದ್ದರೆ ನೀವು ಏನೂ ಮಾಡಬೇಕಾಗಿಲ್ಲ. ಇವೆರಡರಲ್ಲಿ ಒಂದಿದ್ದರೆ ಈಗಲೇ ಅಪ್‌ಡೇಟ್ ಕೊಡಿ, ಆಮೇಲೆ ರೀಬೂಟ್ ಮಾಡಿ. ಹೊರಗಿನಿಂದ ಲಾಗಿನ್ ಆಗುವ ಸರ್ವರ್ ಆಗಿದ್ದರೆ ಅಷ್ಟಕ್ಕೇ ಬಿಡಬೇಡಿ, ನೋಡಿಕೊಳ್ಳುವವರಿಗೆ ಇವತ್ತೇ ತಿಳಿಸಿ.'

ಹೇಗಿದೆ? ತಿದ್ದಿ.

ಹೊಳೆದಂಡೆ

ಚೆನ್ನಾಗಿದೆ. 'ಏನೂ ಮಾಡಬೇಕಾಗಿಲ್ಲ' ಅನ್ನುವುದನ್ನು ಎರಡನೇ ವಾಕ್ಯಕ್ಕೇ ತನ್ನಿ. ಹೆಚ್ಚಿನವರಿಗೆ ಬೇಕಾದ್ದು ಅದು. ಅಪ್‌ಡೇಟ್ ಆದ ಮೇಲೆ ಕಾಣುವ ನಂಬರ್ ಯಾವುದು ಅಂತಲೂ ಸೇರಿಸಿ.

ಡೆಬಿಯನ್ ಹಳಬ

ತಾರೀಖು ಮತ್ತು ಹೊತ್ತು ಮೇಲೆ ಹಾಕಿ. ಇಂಥವು ಎರಡು ವರ್ಷ ಬಿಟ್ಟೂ ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತವೆ.

ಲ್ಯಾಬ್ ಮೇಡಂ

ಈ ಕರಡು ನನಗೆ ಪೂರ್ತಿ ಅರ್ಥವಾಯಿತು ಸರ್. ಹೀಗೆ ಬರೆದರೆ ಪ್ರಿಂಟ್ ತೆಗೆದು ಲ್ಯಾಬ್ ಬಾಗಿಲಿಗೆ ಅಂಟಿಸುತ್ತೇನೆ. 9ನೇ ಕ್ಲಾಸಿನ ಇಬ್ಬರು ಹುಡುಗಿಯರಿಗೆ ಪ್ರತಿ ಶನಿವಾರ 20 ಮೆಷಿನ್ ನೋಡುವ ಕೆಲಸ ಕೊಟ್ಟಿದ್ದೇನೆ, ಖುಷಿಯಿಂದ ಮಾಡುತ್ತಾರೆ.

ನೀವೆಲ್ಲ ಹೇಳಿದ ಮೇಲೆ ನಿನ್ನೆ ಕೂತು ಎಲ್ಲದರ ಆವೃತ್ತಿ ಬರೆದುಕೊಂಡೆ. 18 ಸರಿ ಇವೆ. ಎರಡು ಮೆಷಿನ್‌ನಲ್ಲಿ ಮಿಂಟ್ 19.3 ಇದೆ. ಹಿಂದೆ ಯಾರೋ ಮಕ್ಕಳಿಗೆ ತೊಂದರೆಯಾಗದಿರಲಿ ಅಂತ ಅವೆರಡರಲ್ಲಿ ಅಪ್‌ಡೇಟ್ ಮ್ಯಾನೇಜರ್ ಅನ್ನೇ ಆಫ್ ಮಾಡಿದ್ದಾರೆ. ಗುರಾಣಿ ಚಿತ್ರವೇ ಇಲ್ಲ. ನಾನು ಇಷ್ಟು ದಿನ ಆ ಎರಡು ಚೆನ್ನಾಗಿವೆ, ಏನೂ ಕೇಳುವುದಿಲ್ಲ ಅಂದುಕೊಂಡಿದ್ದೆ.

ರಾತ್ರಿಪಾಳಿ

19ರ ಸರಣಿಗೆ 2023ರ ಏಪ್ರಿಲ್‌ಗೇ ಬೆಂಬಲ ಮುಗಿದಿದೆ ಮೇಡಂ. ಸದ್ಯಕ್ಕೆ ಆ ಎರಡರ ನೆಟ್ ಕೇಬಲ್ ತೆಗೆದುಬಿಡಿ. ಆಮೇಲೆ ಒಂದು ವಿಷಯ ನೋಡಿ. 19.3 ಅಂದರೆ 32 ಬಿಟ್‌ನಲ್ಲೂ ಬಂದಿದ್ದ ಕೊನೆಯ ಸರಣಿ, 20ರಿಂದ 64 ಬಿಟ್ ಮಾತ್ರ. ಟರ್ಮಿನಲ್ ತೆರೆದು 'ಎಲ್‌ಎಸ್‌ಸಿಪಿಯು' ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಮೊದಲ ಸಾಲುಗಳಲ್ಲಿ 32 ಬಿಟ್, 64 ಬಿಟ್ ಎರಡೂ ಇದೆಯಾ ಹೇಳಿ.

ಲ್ಯಾಬ್ ಮೇಡಂ

ಎರಡು ಮೆಷಿನ್‌ನಲ್ಲೂ ಎರಡೂ ತೋರಿಸುತ್ತಿದೆ ಸರ್. ಕೇಬಲ್ ತೆಗೆದಿದ್ದೇನೆ. ಒಂದರಲ್ಲಿ ಮಕ್ಕಳ ಪ್ರಾಜೆಕ್ಟ್ ಫೈಲುಗಳಿವೆ.

ರಾತ್ರಿಪಾಳಿ

ಹಾಗಿದ್ದರೆ ಪ್ರೊಸೆಸರ್ ತೊಂದರೆ ಇಲ್ಲ, ಹೊಸದಾಗಿ ಹಾಕಿಬಿಡಬಹುದು. ನಾನು ಅರಸೀಕೆರೆಯವನು, ಈ ಭಾನುವಾರ ಊರಿನಲ್ಲಿರುತ್ತೇನೆ. ಶಾಲೆ ತೆಗೆಸಲು ಆಗುತ್ತದೆಯಾ? ಮಿಂಟ್ ಹಾಕಿದ ಪೆನ್‌ಡ್ರೈವ್ ಒಂದು, ಮಕ್ಕಳ ಫೈಲ್ ತೆಗೆದಿಡಲು ಖಾಲಿದು ಒಂದು ತರುತ್ತೇನೆ.

ಲ್ಯಾಬ್ ಮೇಡಂ

ಖಂಡಿತ ಸರ್. ಹೆಡ್‌ಮಾಸ್ಟರ್ ಹತ್ತಿರ ಕೀ ಇಸಿದುಕೊಂಡಿರುತ್ತೇನೆ, ಹತ್ತು ಗಂಟೆಗೆ ಬನ್ನಿ. ಆ ಇಬ್ಬರು ಹುಡುಗಿಯರೂ ಬರುತ್ತಾರಂತೆ, ಹೇಗೆ ಹಾಕುತ್ತಾರೆ ಅಂತ ನೋಡಬೇಕಂತೆ.